ಗೂಡ್ಸ್ ಗಾಡಿಯಂತೆ ಹೊರಟ ಅಕ್ಷರಗಳು

ಕಳೆದ ಜೂನ್‌ನಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯ ಮೆಟ್ರೋ ಸ್ಟೇಷನ್ನಿನಲ್ಲಿ ನಿಂತಿದ್ದೆ. ಹೊರಗೆ ಜೋರು ಮಳೆ. ಒಳಗೆಲ್ಲ ಒದ್ದೆ ಛತ್ರಿ, ಒದ್ದೆ ಬ್ಯಾಗು, ಒದ್ದೆ ಜನ. ಪ್ಲಾಟ್‌ಫಾರ್ಮಿನ ಪರದೆಯ ಮೇಲೆ ಯಾವುದೋ ಸೀರೆ ಅಂಗಡಿಯ ಜಾಹೀರಾತು ಬಂತು. ಅಂಗಡಿಯ ಹೆಸರಿನ ಮೊದಲ ಅಕ್ಷರ ಮೆಲ್ಲಗೆ ಮುಂದೆ ಸರಿಯಿತು. ಸ್ವಲ್ಪ ತಡೆದು ಎರಡನೆಯದನ್ನು ಎಳೆಯಿತು, ಅದು ಮೂರನೆಯದನ್ನು ಎಳೆಯಿತು. ಕೊನೆಯ ಅಕ್ಷರ ಮಾತ್ರ ತನಗೇನೂ ಸಂಬಂಧವಿಲ್ಲ ಎಂಬಂತೆ ನಿಂತಿದ್ದು, ಆಮೇಲೆ ಧಡಕ್ಕನೆ ಮುಂದಕ್ಕೆ ಬಂದು ಬಿತ್ತು. ನಾನು ಪರದೆಗೆ ಬೆನ್ನು ಹಾಕಿ ನಿಂತೆ.

ಈಗ ಇದು ಎಲ್ಲ ಕಡೆ ಇದೆ. ಕಂಪ್ಯೂಟರಿನಲ್ಲೇ ಸಿದ್ಧವಾಗಿ ಸಿಗುತ್ತದಂತೆ, ಒಂದು ಗುಂಡಿ ಒತ್ತಿದರೆ ಯಾರ ಹೆಸರಾದರೂ ಹೀಗೆ ಹೊರಡುತ್ತದಂತೆ. ಇದು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ನಾನು ಹೇಳಿದರೆ ನಂಬುವವರೂ ಇಲ್ಲ. ಆದರೂ ಹೇಳುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿದೆ.

ಅದು ನನ್ನ ಡಿಸೈನ್ ಪದವಿಯ ಕೊನೆಯ ವರ್ಷ. ಹೈದರಾಬಾದಿನ ಹೊರವಲಯದ ಒಂದು ವಿಶ್ವವಿದ್ಯಾಲಯದಲ್ಲಿ ಅಕ್ಷರಗಳಿಗೆ ಚಲನೆ ಕೊಡುವುದನ್ನು ಕಲಿಯುತ್ತಿದ್ದೆ. ಸಿನಿಮಾದ ಶುರುವಿನಲ್ಲಿ ಹೆಸರುಗಳು ತೇಲಿ ಬರುತ್ತವಲ್ಲ, ಜಾಹೀರಾತಿನಲ್ಲಿ ಅಕ್ಷರಗಳು ಕುಪ್ಪಳಿಸುತ್ತವಲ್ಲ, ಆ ವಿದ್ಯೆ. ಮನೆಯಲ್ಲಿ ಇದನ್ನು ವಿವರಿಸುವಷ್ಟರಲ್ಲಿ ನನಗೆ ಸಾಕುಬೇಕಾಗುತ್ತಿತ್ತು. ಅಪ್ಪ ಗೂಡ್ಸ್ ಗಾಡಿಯ ಗಾರ್ಡ್. ಬಾಗಲಕೋಟೆ ಕಡೆಯ ಹಳ್ಳಿಯಿಂದ ನೌಕರಿಗೆಂದು ಬಂದು ಮಲ್ಕಾಜ್‌ಗಿರಿಯಲ್ಲಿ ಮನೆ ಮಾಡಿದವನು. ನಾನು ಓದಿದ್ದು ತೆಲುಗು, ಇಂಗ್ಲಿಷ್ ಶಾಲೆಗಳಲ್ಲಿ. ಕನ್ನಡ ಅಕ್ಷರ ಕಲಿಸಿದವಳು ಅವ್ವ, ಅಡಿಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತ.

"ಅಕ್ಷರ ನೆಟ್ಟಗ ನಿಂತ್ರನ ನನಗ ಓದಾಕ ಬರೂದಿಲ್ಲ, ನೀ ಅವನ್ನ ಕುಣಸಾಕ ಹೊಂಟೀಯಲ್ಲ!" ಎಂದು ಅಪ್ಪ ನಗುತ್ತಿದ್ದ. ನಗುವಿನ ಹಿಂದೆ ಚಿಂತೆಯೂ ಇತ್ತು. ಅವನ ಜೊತೆಯವರ ಮಕ್ಕಳೆಲ್ಲ ರೈಲ್ವೆ ಪರೀಕ್ಷೆಗೆ ತಯಾರಿ ನಡೆಸಿದ್ದರು. ಕೊನೆಯ ವರ್ಷ ಶುರುವಾಗುವ ಮುಂಚೆ ನನ್ನನ್ನು ಕೂರಿಸಿಕೊಂಡು ಹೇಳಿದ: "ಈ ವರ್ಷ ಮುಗಿಯೂತನಕ ನಾ ಏನೂ ಅನ್ನೂದಿಲ್ಲ. ಡಿಗ್ರಿ ಕೈಗೆ ಬಂತಂದ್ರ ಮುಂದಿಂದು ನೀ ಹೇಳಿದಂಗ. ಬರಲಿಲ್ಲ ಅಂದ್ರ ಸುಮ್ನ ರೈಲ್ವೆ ಪರೀಕ್ಷೆಗೆ ಕೂಡಬೇಕು. ಆತಿಲ್ಲೋ?" ನಾನು ಆಯಿತು ಎಂದೆ. ನಮ್ಮ ವಿಭಾಗದಲ್ಲಿ ಡಿಗ್ರಿ ಎಂದರೆ ಒಂದೇ ಒಂದು ಚಿತ್ರ. ವರ್ಷವಿಡೀ ಒಬ್ಬೊಬ್ಬರೂ ತಮ್ಮದೊಂದು ಪುಟ್ಟ ಚಿತ್ರ ಮಾಡಬೇಕು, ಕೊನೆಗೆ ಹೊರಗಿನಿಂದ ಬಂದ ಪರೀಕ್ಷಕರಿಗೆ ತೋರಿಸಬೇಕು. ಚಿತ್ರ ಸ್ವಂತದ್ದಾಗಿರಬೇಕು. ಬೇರೆಯವರದು ಎಂದು ಗೊತ್ತಾದರೆ ಅಲ್ಲಿಗೆ ಕಥೆ ಮುಗಿಯಿತು.

ನಮಗೆ ಕಲಿಸುತ್ತಿದ್ದವರು ಪ್ರಸಾದ್ ಸರ್. ಕೈಮಗ್ಗದ ಅಂಗಿ, ಮೆತ್ತಗಿನ ಮಾತು, ಊರಿನಲ್ಲಿ ಸ್ವಂತ ಸ್ಟುಡಿಯೊ. ಹುಡುಗಿಯರಲ್ಲಿ ಅರ್ಧ ಜನ ಅವರ ಹಾಗೆ ಮಾತಾಡಲು ಕಲಿಯುತ್ತಿದ್ದರು, ಹುಡುಗರಲ್ಲಿ ಅರ್ಧ ಜನ ಅವರ ಹಾಗೆ ಗಡ್ಡ ಬಿಡುತ್ತಿದ್ದರು. ಅವರದೊಂದು ಪದ್ಧತಿಯಿತ್ತು. ಪ್ರತಿ ಶನಿವಾರ ಎಲ್ಲರೂ ಆ ವಾರದ ಕೆಲಸವನ್ನು ಹೆಸರಿಲ್ಲದೆ, ಬರೀ ಒಂದು ನಂಬರು ಹಾಕಿ ವಿಭಾಗದ ಕಂಪ್ಯೂಟರಿಗೆ ಸೇರಿಸಬೇಕು. ಆ ನಂಬರೂ ವಾರ ವಾರ ಬದಲಾಗುತ್ತಿತ್ತು. ಕಿಟಕಿಗೆ ಪರದೆ ಎಳೆದು, ಸದ್ದು ಬಂದ್ ಮಾಡಿ, ಒಂದೊಂದಾಗಿ ಗೋಡೆಯ ಮೇಲೆ ತೋರಿಸುತ್ತಿದ್ದರು. ಯಾರದು ಎಂದು ಯಾರೂ ಹೇಳುವ ಹಾಗಿಲ್ಲ. "ಹೆಸರು ಕಂಡ ಕೂಡಲೇ ಕಣ್ಣು ಕೆಲಸ ನಿಲ್ಲಿಸುತ್ತದೆ. ನಮ್ಮ ಕೋಣೆಯಲ್ಲಿ ಹೆಸರು ಬೇಡ" ಎನ್ನುತ್ತಿದ್ದರು.

ಎಂಥ ದೊಡ್ಡ ಮಾತು ಅನಿಸಿತ್ತು ಆಗ! ನನಗಂತೂ ಆ ಶನಿವಾರಗಳೆಂದರೆ ಪ್ರಾಣ. ವಾರದ ಉಳಿದ ದಿನ ನಾನು ಮಲ್ಕಾಜ್‌ಗಿರಿಯಿಂದ ಎರಡು ಬಸ್ಸು ಹತ್ತಿ ಬರುವ, ತೆಲುಗು ಮಾತಾಡಿದರೆ ಎಳೆದೆಳೆದು ಮಾತಾಡುವ "ಕನ್ನಡ ಅಮ್ಮಾಯಿ". ಕತ್ತಲೆ ಕೋಣೆಯಲ್ಲಿ ಮಾತ್ರ ನಾನು ಬರೀ ಒಂದು ನಂಬರು. ಅಲ್ಲಿ ನನ್ನ ಕೆಲಸಕ್ಕೆ ಯಾರಾದರೂ "ಓಹೋ" ಎಂದರೆ ಅದು ನಿಜವಾದ ಓಹೋ. ಕುರಿ ತಾನಾಗಿ ಕಟುಕನ ಹಿಂದೆ ಹೋದಂತೆ ಹೋದೆ ಎಂದು ಈಗ ಅನಿಸುತ್ತದೆ.

ಆ ವರ್ಷ ಮಳೆ ಬಿಡದೆ ಹಿಡಿಯಿತು. ನಮ್ಮ ಲ್ಯಾಬಿನ ಹಳೆಯ ಏಸಿ ಒದ್ದೆ ಧೂಳಿನ ವಾಸನೆ ಕಾರುತ್ತಿತ್ತು, ಒಂದು ಮೂಲೆಯಲ್ಲಿ ಸೋರುವ ನೀರಿಗೆ ಬಕೆಟ್ ಇಟ್ಟಿದ್ದರು. ಜುಲೈ ಮುಗಿಯುತ್ತ ಬಂದರೂ ನನ್ನ ಚಿತ್ರಕ್ಕೆ ವಿಷಯವೇ ಸಿಕ್ಕಿರಲಿಲ್ಲ. ಹಾಗಿರುವಾಗ ಒಂದು ಮಧ್ಯಾಹ್ನ ಅಪ್ಪ ವಾಡಿಯಿಂದ ಸಿಮೆಂಟ್ ಗಾಡಿ ತಂದು ಬಿಟ್ಟು, ಮನೆಗೆ ಬಂದವನೇ ಚಾಪೆಯ ಮೇಲೆ ಬೋರಲು ಮಲಗಿದ. ಅವ್ವ ಟೊಂಕಕ್ಕೆ ಎಣ್ಣೆ ತಿಕ್ಕತೊಡಗಿದಳು. "ಕುಂತಲ್ಲೇ ಕುಂತಿರ್ತೀ, ಟೊಂಕ ಹೆಂಗ ನೋಯ್ತದೋ ನಿಂದು" ಎಂದು ಕಾಡಿಸಿದಳು.

"ಕುಂತಲ್ಲೇ ಕುಂತ್ರನ ಬಡಿತ ಜಾಸ್ತಿ," ಅಪ್ಪ ಚಾಪೆಗೆ ಮುಖ ಒತ್ತಿಕೊಂಡೇ ಹೇಳಿದ. "ಎಂಜಿನ್ ಮುಂದ ಜಗ್ಗತೈತಿ. ಡ್ರೈವರ್‌ಗೆ ಏನೂ ಗೊತ್ತಾಗೂದಿಲ್ಲ. ಒಂದೊಂದ ಡಬ್ಬಿ ಕೊಂಡಿ ಸಡ್ಲ ಇದ್ದದ್ದು ಬಿಗಿತಾ ಬಿಗಿತಾ ಹಿಂದ ಬರ್ತೈತಿ. ಕಡೀ ಡಬ್ಬ್ಯಾಗ ನಾ ಇರ್ತೀನಲ್ಲ, ಎಲ್ಲಾರದೂ ಸೇರಿ ನನ್ನ ಟೊಂಕಕ್ಕ ಬಡೀತೈತಿ."

ನಾನು ಮಾರನೆಯ ದಿನವೇ ಮಲ್ಕಾಜ್‌ಗಿರಿ ಸ್ಟೇಷನ್ನಿನ ಮೇಲ್ಸೇತುವೆಯ ಮೇಲೆ ಛತ್ರಿ ಹಿಡಿದು ನಿಂತೆ. ಜೊತೆಗೆ ನಸ್ರೀನ್. ಲ್ಯಾಬಿನಲ್ಲಿ ನನ್ನ ಪಕ್ಕದ ಕಂಪ್ಯೂಟರಿನವಳು, ಊಟದ ಡಬ್ಬಿ ಹಂಚಿಕೊಳ್ಳುವ ಗೆಳತಿ. "ತೇರಾ ದಿಮಾಗ್ ಖರಾಬ್ ಹೈ" ಎಂದು ಬೈಯುತ್ತಲೇ ತನ್ನ ಫೋನಿನಲ್ಲಿ ಗಾಡಿ ಹೊರಡುವುದನ್ನು ಹಿಡಿದುಕೊಟ್ಟಳು. ಎಂಜಿನ್ ಹೊರಟ ಮೇಲೂ ಕೊನೆಯ ಡಬ್ಬಿ ಅಲ್ಲಾಡದೆ ನಿಂತಿರುತ್ತಿತ್ತು. ಖಟ್ ಖಟ್ ಖಟ್ ಎಂಬ ಸದ್ದು ಮುಂದಿನಿಂದ ಹಿಂದಕ್ಕೆ ಓಡಿ ಬರುತ್ತಿತ್ತು. ಆಮೇಲೆ ಆ ಗಾರ್ಡಿನ ಡಬ್ಬಿಗೆ ಬೀಳುವ ಏಟು ಕಂಡಾಗ ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಅದರೊಳಗೆ ಅಪ್ಪ ಕುಳಿತಿದ್ದ, ನಾನು ಹಳಿ ದಾಟುವಾಗ ಗಾಡಿ ಅಡ್ಡ ಬಂತೆಂದು ಶಪಿಸುತ್ತಿದ್ದೆ.

ನನ್ನ ಚಿತ್ರ ಸಿಕ್ಕಿತು. ಅಪ್ಪನ ದಾರಿಯ ಊರುಗಳ ಹೆಸರುಗಳನ್ನು ಕನ್ನಡದಲ್ಲಿ ಬರೆದೆ: ತಾಂಡೂರು, ಸೇಡಂ, ಚಿತ್ತಾಪುರ, ವಾಡಿ. ಪ್ರತಿ ಹೆಸರೂ ಒಂದು ಗಾಡಿ, ಪ್ರತಿ ಅಕ್ಷರವೂ ಒಂದು ಡಬ್ಬಿ. ನಮ್ಮ ಕೆಲಸದಲ್ಲಿ ಅಕ್ಷರದ ವೇಗವನ್ನು ಪರದೆಯ ಮೇಲೆ ಒಂದು ಗೆರೆಯಾಗಿ ತಿದ್ದುತ್ತೇವೆ, ಗೆರೆ ಬಾಗಿದ ಹಾಗೆ ಅಕ್ಷರ ಓಡುತ್ತದೆ, ತಡೆಯುತ್ತದೆ, ನಿಲ್ಲುತ್ತದೆ. ಆ ಗೆರೆಗಳನ್ನು ತಿದ್ದಿ ತಿದ್ದಿ ನನ್ನ ಮಣಿಕಟ್ಟು ಊದಿಕೊಂಡಿತು. ಏಟು ಹೆಚ್ಚಾದರೆ ಅಕ್ಷರಗಳು ಕೋಡಂಗಿಗಳಾಗುತ್ತಿದ್ದವು, ಕಡಿಮೆಯಾದರೆ ರೇಷ್ಮೆಯ ಮೇಲೆ ಜಾರಿದ ಹಾಗೆ ಕಾಣುತ್ತಿದ್ದವು. ಸಾಲದ್ದಕ್ಕೆ ಕಂಪ್ಯೂಟರಿಗೆ ಕನ್ನಡ ಅರ್ಥವಾಗುತ್ತಿರಲಿಲ್ಲ. ಚಿತ್ತಾಪುರವನ್ನು ಎಳೆದರೆ ಒತ್ತಕ್ಷರ ಹಿಂದೆಯೇ ಉಳಿದುಬಿಡುತ್ತಿತ್ತು. ಒಂದೊಂದು ಅಕ್ಷರವನ್ನೂ ಚಿತ್ರದ ಹಾಗೆ ಕೈಯಿಂದ ಕತ್ತರಿಸಿ ಜೋಡಿಸಿದೆ. ಬೇಸರವಾಗಲಿಲ್ಲ. ಬದುಕಿನಲ್ಲಿ ಅಷ್ಟು ಸುಖವಾಗಿ ಮತ್ತೆಂದೂ ದುಡಿದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿನ ಒಂದು ಶನಿವಾರ ಗೋಡೆಯ ಮೇಲೆ ವಾಡಿ ಹೊರಟಿತು, ಆಮೇಲೆ ಚಿತ್ತಾಪುರ, ಆಮೇಲೆ ಸೇಡಂ. ಕನ್ನಡ ಓದಲು ಬಾರದವರೇ ತುಂಬಿದ್ದ ಕೋಣೆ. ಕೊನೆಯ ಅಕ್ಷರಕ್ಕೆ ಏಟು ಬಿದ್ದಾಗ ಯಾರೋ "ಅಯ್ಯೋ" ಎಂದರು. ಪ್ರಸಾದ್ ಸರ್ ತೆಲುಗಿನಲ್ಲಿ ಮತ್ತೆ ಹಾಕು ಎಂದರು. ಮತ್ತೆ ನೋಡಿದರು. ಇನ್ನೊಂದು ಸಲ ಹಾಕಿಸಿದರು. ದೀಪ ಹತ್ತಿತು. ಎಲ್ಲರೂ ಹೋಗುವಾಗ ನನ್ನ ಹಿಂದೆ ಬಂದು, "ಅದು ನಿನ್ನದೇ ಅಲ್ಲವಾ ಸವಿತಾ? ಕನ್ನಡ ಬೇರೆ ಯಾರಿಗೆ ಬರುತ್ತದೆ ಇಲ್ಲಿ" ಎಂದು ನಕ್ಕರು. "ಮೂಲ ಫೈಲು ಕೊಡು. ಗೆರೆಗಳನ್ನು ಸ್ವಲ್ಪ ನೋಡಬೇಕು." ಮೂಲ ಫೈಲು ಎಂದರೆ ಕೆಲಸದ ಹೊಟ್ಟೆಯೇ. ಅದನ್ನು ತೆರೆದರೆ ಯಾವ ಅಕ್ಷರ ಎಷ್ಟು ತಡೆಯಿತು, ಎಷ್ಟು ಜಿಗಿಯಿತು, ಎಲ್ಲ ಬಿಚ್ಚಿಕೊಳ್ಳುತ್ತದೆ. ನಾನು ಹಿಗ್ಗಿ ಹೀರೇಕಾಯಿಯಾಗಿ ಆಗಲೇ ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ನಸ್ರೀನ್ ಕುರ್ಚಿಯಲ್ಲಿ ಗಿರ್ರನೆ ತಿರುಗಿ ನನ್ನ ಬೆನ್ನಿಗೆ ಗುದ್ದಿ, ಪಾರ್ಟಿ ಯಾವಾಗ ಎಂದು ಕೇಳಿದಳು.

ಜನವರಿಯಲ್ಲಿ ನಾಂಪಲ್ಲಿಯ ದೊಡ್ಡ ವಸ್ತುಪ್ರದರ್ಶನಕ್ಕೆ, ಹೈದರಾಬಾದಿನವರ ನುಮಾಯಿಶಿಗೆ ಹೋಗುವುದು ನಮ್ಮ ಮನೆಯ ವಾಡಿಕೆ. ಅವ್ವನಿಗೆ ಕಂಬಳಿ ಅಂಗಡಿ, ಅಪ್ಪನಿಗೆ ಮಿರ್ಚಿ ಭಜಿ, ನನಗೆ ಬಳೆ. ಆ ಸಲ ಒಂದು ಮಳಿಗೆಯ ಮೇಲೆ ದೊಡ್ಡ ಪರದೆ ಕಟ್ಟಿದ್ದರು. ತೆಲುಗಿನಲ್ಲಿ "ಸ್ವಾಗತಂ" ಎಂಬ ಪದ ಹೊರಟಿತು. ಮೊದಲ ಅಕ್ಷರ ಸರಿಯಿತು, ತಡೆಯಿತು, ಹಿಂದಿನದನ್ನು ಎಳೆಯಿತು. ನಾನು ಪರದೆಯ ಹತ್ತಿರ ಹೋಗಿ ನಿಂತೆ. ಭಜಿ ತಿನ್ನುತ್ತಿದ್ದ ಅಪ್ಪ ತಲೆ ಎತ್ತಿದವನು ಕೈ ಅಲ್ಲೇ ನಿಲ್ಲಿಸಿ, "ಏ, ಇಲ್ನೋಡ! ಗೂಡ್ಸ್ ಹೊಂಟಂಗ ಹೊಂಟೈತಿ! ನಿಂದೇನು ಇದು?" ಎಂದ. ಪರದೆಯ ಕೆಳಗೆ ಸ್ಟುಡಿಯೊ ಹೆಸರು ಬಂತು. ಅದರ ಕೆಳಗೆ ಪ್ರಸಾದ್ ಸರ್ ಹೆಸರು, ಪೂರ್ತಿ ಹೆಸರು, ದಪ್ಪ ಅಕ್ಷರಗಳಲ್ಲಿ. ಕಣ್ಣು ಕೆಲಸ ನಿಲ್ಲಿಸುತ್ತದೆ ಎಂದವರ ಹೆಸರು. ನಾನು ಅಪ್ಪನಿಗೆ, "ನಂದ ಅಪ್ಪಾ. ಸರ್ ಹಾಕ್ಯಾರ" ಎಂದೆ. ಅವನು ಖುಷಿಯಿಂದ ಇನ್ನೊಂದು ಪ್ಲೇಟು ಭಜಿ ಹೇಳಿದ. ನನ್ನ ಪಾಲನ್ನು ಅವ್ವನ ಕಡೆ ಸರಿಸಿದೆ.

ಸೋಮವಾರ ಸರ್ ಕೋಣೆಗೆ ಹೋಗಿ ಕೇಳಿದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನೂ ಜಗಳವಾಡುತ್ತಿದ್ದೆನೇನೋ. "ಚೂಡಮ್ಮಾ" ಎಂದು ಮಗುವಿಗೆ ಹೇಳುವ ಹಾಗೆ ಶುರು ಮಾಡಿದರು. ತರಗತಿಯಲ್ಲಿ ಹುಟ್ಟಿದ್ದು ತರಗತಿಯದು, ಯಾರೊಬ್ಬರದೂ ಅಲ್ಲ. ನಿನ್ನ ಕನ್ನಡ ಚಿತ್ರ ನಿನ್ನದೇ, ಅದನ್ನು ಮುಗಿಸು, ಯಾರು ಬೇಡ ಎಂದರು? ಹೆಸರಿನ ಚಪಲ ಈ ವಯಸ್ಸಿನಲ್ಲಿ ಒಳ್ಳೆಯದಲ್ಲ. ಹೀಗೆಲ್ಲ ಹೇಳಿ ಬಿಸ್ಕತ್ತಿನ ತಟ್ಟೆ ನನ್ನ ಕಡೆ ಸರಿಸಿದರು. ಮೂರ್ಖಳಂತೆ ಒಂದು ಬಿಸ್ಕತ್ತು ತೆಗೆದುಕೊಂಡು ಬಂದೆ. ಬೇರೆ ಚಿತ್ರ ಶುರು ಮಾಡಲು ಕಾಲವೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ನನ್ನದನ್ನು ನಾನೇಕೆ ಬಿಡಬೇಕು ಎಂಬ ಹಟವಿತ್ತು. ಅದನ್ನೇ ಮುಗಿಸಿದೆ.

ಏಪ್ರಿಲಿನ ಉರಿಬಿಸಿಲಿನಲ್ಲಿ ಪರೀಕ್ಷೆ. ಹೊರಗಿನಿಂದ ಬಂದಿದ್ದವರು ಒಬ್ಬ ಹೆಂಗಸು, ಬಾಯಿ ತುಂಬ ಮಾತು, ಒಳ್ಳೆಯವರೇ. ನನ್ನ ಚಿತ್ರ ಅರ್ಧ ನೋಡುವಷ್ಟರಲ್ಲಿ ಕೈ ಎತ್ತಿ ನಿಲ್ಲಿಸಿದರು. "ಇದನ್ನು ನಾನು ನಾಂಪಲ್ಲಿಯಲ್ಲಿ ನೋಡಿದ್ದೇನೆ. ಪ್ರಸಾದ್ ಅವರ ಕೆಲಸ ಇದು. ಅಕ್ಷರ ಬದಲಾಯಿಸಿದರೆ ನಿನ್ನದಾಗುತ್ತದಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಸರ್ ಕಡೆ ನೋಡಿದೆ. ಅವರು ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ವಿದ್ಯಾರ್ಥಿಗಳು ಪ್ರಭಾವಕ್ಕೆ ಒಳಗಾಗುತ್ತಾರೆ. ಇವಳು ಸ್ವಲ್ಪ ಹೆಚ್ಚು ಒಳಗಾಗಿದ್ದಾಳೆ" ಎಂದರು.

ಶನಿವಾರದ ಪ್ರದರ್ಶನದಲ್ಲಿ ಮೊದಲು ತೋರಿಸಿದವಳು ನಾನು, ಎಲ್ಲರೂ ನೋಡಿದ್ದಾರೆ ಎಂದೆ. ಏನು ನೋಡಿದ್ದರು? ಒಂದು ನಂಬರು. ಕನ್ನಡದಲ್ಲಿತ್ತು ಎಂದರೆ, ಸರ್ ಮೊದಲೇ ಕೊಟ್ಟ ಮಾದರಿಗೆ ನಾನು ಬರೀ ಅಕ್ಷರ ತೊಡಿಸಿದ್ದು ಎನ್ನಬಹುದಲ್ಲ? ನಾನು ನಸ್ರೀನ್ ಹೆಸರು ಹೇಳಿದೆ. ಅವಳನ್ನು ಒಳಗೆ ಕರೆಸಿದರು. ಮೇಲ್ಸೇತುವೆಯ ಮೇಲೆ ನನ್ನ ಜೊತೆ ನೆನೆದವಳು ನೆಲ ನೋಡುತ್ತ, "ಯಾವುದು ಯಾರದು ಎಂದು ನಮ್ಮ ತರಗತಿಯಲ್ಲಿ ಗೊತ್ತಾಗುವುದಿಲ್ಲ ಮೇಡಂ" ಎಂದಳು. ಹೊರಗೆ ಬಂದ ಮೇಲೆ, ಹಾಗೆ ನೋಡಬೇಡ ಎಂದು ನನ್ನ ಕೈ ಹಿಡಿದುಕೊಂಡಳು. "ನಕ್ಕೋ ಯಾರ್, ಐಸಾ ನಕ್ಕೋ ದೇಖ್. ಉನೋ ಮೇರೆಕು ಸ್ಟುಡಿಯೊ ಮೇ ನೌಕರಿ ದೇ ರಹೇ." ಜೂನ್‌ನಿಂದ ಅವಳು ಸರ್ ಸ್ಟುಡಿಯೊದಲ್ಲಿ ಕೆಲಸಕ್ಕೆ ಸೇರುವವಳಿದ್ದಳು. ನಾನು ಕೈ ಬಿಡಿಸಿಕೊಂಡೆ. ಇವತ್ತಿನವರೆಗೂ ಅವಳ ಜೊತೆ ಮಾತಿಲ್ಲ.

ನನ್ನ ಫಲಿತಾಂಶ ತಡೆಹಿಡಿದರು. ನಕಲು ಮಾಡಿದ್ದು ಸಾಬೀತಾದರೆ ಡಿಗ್ರಿ ಇಲ್ಲ, ಸಮಿತಿ ಕೂರುತ್ತದೆ ಎಂದರು. ಮನೆಗೆ ಬಂದು ಅತ್ತು ಕರೆದು ಎಲ್ಲ ಹೇಳಿದೆ. ಅವ್ವ ಪ್ರಸಾದ್ ಸರ್ ವಂಶವನ್ನೆಲ್ಲ ಜಾಲಾಡಿದಳು. ಅಪ್ಪ ಎಲ್ಲ ಕೇಳಿಸಿಕೊಂಡು, ಮರುದಿನದ ರಜೆಗೆ ಫೋನ್ ಮಾಡಿದ. ಬೆಳಿಗ್ಗೆ ನೋಡಿದರೆ ಇಸ್ತ್ರಿ ಮಾಡಿದ ಬಿಳಿ ಯೂನಿಫಾರ್ಮ್ ಹಾಕಿಕೊಂಡು ನಿಂತಿದ್ದ. ರಜೆ ಹಾಕಿದ ದಿನ ಯೂನಿಫಾರ್ಮ್ ಯಾಕೆ ಎಂದು ಅವ್ವ ಕೇಳಿದ್ದಕ್ಕೆ, "ದೊಡ್ಡವರ ಹಂತೇಕ ಹೊಂಟೀನಿ" ಎಂದ. ಬಸ್ಸಿನಲ್ಲಿ ಅವನ ಪಕ್ಕ ಕುಳಿತೆ. ಆ ಏಟು ತಿಂದವನೇ ಬರುತ್ತಿದ್ದಾನೆ, ಇದು ಯಾರ ಬೆನ್ನಿನ ನೋವು ಎಂದು ಅವನೇ ಹೇಳುತ್ತಾನೆ, ಇನ್ನೇನು ಸಾಕ್ಷಿ ಬೇಕು ಎಂದುಕೊಂಡಿದ್ದೆ.

ಅಪ್ಪ ಒಬ್ಬನೇ ಒಳಗೆ ಹೋದ. ನಾನು ವರಾಂಡದ ಬೆಂಚಿನ ಮೇಲೆ ಕುಳಿತೆ. ಬಾಗಿಲಿನ ಗಾಜಿನಲ್ಲಿ ಅವನ ಬೆನ್ನು ಕಾಣುತ್ತಿತ್ತು. ಸರ್ ಕುರ್ಚಿ ತೋರಿಸಿದರು, ಅವನು ಕೂರಲಿಲ್ಲ. ಬಹಳ ಹೊತ್ತಾದ ಮೇಲೆ ಹೊರಗೆ ಬಂದು, ಹಣೆಯ ಬೆವರು ಒರೆಸಿಕೊಂಡ.

"ಮುಗೀತು ನೋಡವಾ," ಎಂದ. "ಡಿಗ್ರಿ ಕೊಡ್ತಾರಂತ."

"ಒಪ್ಪಿಕೊಂಡ್ರೇನಪಾ? ನಂದಂತ ಹೇಳಿದ್ರೇನು?"

"ಮಾಫಿ ಕೇಳೀನಿ."

"ಅವರು ಕೇಳಿದ್ರೇನು?"

"ಇಲ್ಲವಾ, ನಾ ಕೇಳೀನಿ. ನಿನ್ನ ಪರವಾಗಿ. ಹುಡುಗಿಗೆ ತಿಳೀಲಿಲ್ರಿ, ಒಂದ್ಸಲ ಹೊಟ್ಟ್ಯಾಗ ಹಾಕ್ಕೋರಿ ಅಂದೆ. ದೊಡ್ಡ ಮನಸ್ಸು ಮಾಡಿದ್ರು. ಚಿತ್ರದ ಕಡೀಕ ಅವರ ಹೆಸರು ಹಾಕಿ, ಅವರ ಕೆಲಸ ನೋಡಿ ಕಲಿತೀನಿ ಅಂತ ಒಂದು ಸಾಲು ಬರದ್ರ ಸಾಕಂತ, ಸಮಿತಿಗೆ ತಾವ ಹೇಳ್ತಾರಂತ."

"ನಾ ಕದ್ದೀನಿ ಅಂತ ನೀನೂ ನಂಬಿದೇನಪಾ?" ಎಂದು ಕೇಳಿದೆ.

"ಹುಚ್ಚಿ, ಅದು ನನ್ನ ಟೊಂಕ ಅಲ್ಲೇನು? ನುಮಾಯಿಶಿನ್ಯಾಗ ನೋಡಿದ ಕೂಡ್ಲೆ ಗುರ್ತ ಹಿಡಿದೀನಿ," ಎಂದ. ದನಿ ತಗ್ಗಿಸಿದ. "ನನಗ ಸರ್ವಿಸಿನ್ಯಾಗ ಎಷ್ಟು ಮೆಮೋ ಬಂದಾವು ನಿನಗೇನು ಗೊತ್ತು? ಸಿಗ್ನಲ್ ಕೆಡಿಸಿದವ್ರು ಬ್ಯಾರೆ, ಗಾಡಿ ತಡ ಆತಂತ ಮೆಮೋ ನನಗ. ಸಾಹೇಬರ ಮುಂದ ನಿಂತು ತಪ್ಪಾತ್ರಿ ಅಂದೆ, ಅಲ್ಲಿಗೆ ಮುಗೀತು. ನಂದಲ್ಲ ನಂದಲ್ಲ ಅಂತ ಬಡದಾಡಿದವರು ಇನ್ನೂ ಆಫೀಸ್ ತಿರಗಾಕತ್ತಾರ. ನಿನಗ ಡಿಗ್ರಿ ಬೇಕಾಗಿತ್ತಿಲ್ಲೋ? ತಗೋ, ಬಂತು. ಈಗ ಒಳಗ ಹೋಗಿ ಅವರ ಕಾಲಿಗೆ ಬಿದ್ದು ಬಾ."

ಒಲ್ಲೆ ಎನ್ನಬಹುದಿತ್ತು. ಆ ಮಾತು ಬಾಯಿಯ ತನಕ ಬಂದಿತ್ತು. ಆದರೆ ಒಲ್ಲೆ ಎಂದರೆ ಈ ಮನುಷ್ಯ ಬಿಳಿ ಅಂಗಿ ಇಸ್ತ್ರಿ ಮಾಡಿಕೊಂಡು ಬಂದು, ತನ್ನ ಬೆನ್ನಿನ ನೋವನ್ನು ಕದ್ದವನ ಮುಂದೆಯೇ ಕೈ ಜೋಡಿಸಿ ನಿಂತದ್ದು ದಂಡವಾಗುತ್ತದೆ. ಎದ್ದು ಒಳಗೆ ಹೋದೆ. ಪ್ರಸಾದ್ ಸರ್ ಕುರ್ಚಿಯಿಂದ ಏಳಲಿಲ್ಲ, ಕಾಲು ಸ್ವಲ್ಪ ಮುಂದೆ ಚಾಚಿದರು ಅಷ್ಟೆ. ಬಗ್ಗಿ ಮುಟ್ಟಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, ತುಂಬ ಮೆತ್ತಗೆ, ಚೆನ್ನಾಗಿ ಮುಂದೆ ಬರಬೇಕು ಎಂದು ತೆಲುಗಿನಲ್ಲಿ ಹರಸಿದರು.

ಎದ್ದು ತಿರುಗಿದಾಗ ಅಪ್ಪ ಬಾಗಿಲಲ್ಲಿ ನಿಂತಿದ್ದ. ಮಗಳು ದಡ ಮುಟ್ಟಿದಳು ಎಂಬ ಸಮಾಧಾನ ಅವನ ಮುಖದಲ್ಲಿ ತುಂಬಿಕೊಂಡಿತ್ತು, ಕಣ್ಣು ಒದ್ದೆಯಾಗಿತ್ತು. ಸರ್ ಅವರನ್ನು ಎಂದಾದರೊಂದು ದಿನ ಕ್ಷಮಿಸಿದರೂ ಕ್ಷಮಿಸಿಯೇನು. ಅಪ್ಪನ ಆ ಸಮಾಧಾನವನ್ನು ಕ್ಷಮಿಸಲು ನನಗೆ ಇವತ್ತಿಗೂ ಆಗಿಲ್ಲ.